ಪ್ರಶ್ನೋತ್ತರ: ಗಿರಾಕಿ ಕ್ವಾಲಿಟಿ ಪೇಪರ್ ಕೇಳಿದ್ರ ಏನು ಕೊಡಬೇಕು?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಆಟೋ ಪಾರ್ಟ್ಸ್ ವ್ಯಾಪಾರಸ್ಥರ ಗುಂಪು. ಉತ್ತರ ಕೊಡೋರು: ಧಾರವಾಡದ ಕ್ವಾಲಿಟಿ ಸರ್.

ರಾಣೇಬೆನ್ನೂರು, ಟ್ರ್ಯಾಕ್ಟರ್ ಪಾರ್ಟ್ಸ್: ನಮಸ್ಕಾರ ಸರ್. ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಗಿರಾಕಿ ವೆಂಡರ್ ಫಾರ್ಮ್ ಕಳಿಸ್ಯಾರ. ಐಎಟಿಎಫ್ 16949 ಸರ್ಟಿಫಿಕೇಟ್ ಹಚ್ಚಲೇಬೇಕಂತ. ನಾವು ಬರೇ ತಂದು ಮಾರೋರು. ಎಲ್ಲಿ ಮಾಡಿಸಬೇಕ್ರಿ?

ಕ್ವಾಲಿಟಿ ಸರ್: ನಮಸ್ಕಾರ ರೀ. ಮಾಡಿಸಾಕ ಬರೂದಿಲ್ಲ. ಅದು ಗಾಡಿ ಪಾರ್ಟ್ ತಯಾರು ಮಾಡೋ ಕಾರ್ಖಾನಿಗೆ ಕೊಡೋ ಕ್ವಾಲಿಟಿ ಸರ್ಟಿಫಿಕೇಟ್, ಮಾರೋ ಅಂಗಡಿಗೆ ಅಲ್ಲ. ಯಾರಾದ್ರೂ ರೊಕ್ಕ ಕೊಡ್ರಿ, ಮಾಡಿಸಿಕೊಡ್ತೀನಿ ಅಂದ್ರ ಆ ಕಾಗದ ನಂಬಬ್ಯಾಡ್ರಿ. ನಿಮ್ಮ ಹೆಸರಿಗೆ ಐಎಸ್‌ಒ 9001 (ಯಾವ ಧಂದೆಕ್ಕೂ ಸಿಗೋ ಕ್ವಾಲಿಟಿ ಸರ್ಟಿಫಿಕೇಟ್) ಇದ್ರ ಅದನ್ನ ಕೊಡ್ರಿ, ಜೊತಿಗೆ ತಯಾರಕರ ಐಎಟಿಎಫ್ ಪ್ರತಿ. ಪ್ರತಿ ಕಳಿಸೋ ಮೊದಲು ಅವಧಿ ಅದಯೋ ಮುಗದದೋ ನೋಡ್ರಿ. ನಿಮ್ಮ ಮಾಲು ಬರೋ ಪ್ಲಾಂಟಿನ ವಿಳಾಸನ ಅದರಾಗ ಇರಬೇಕು. ಅದ ಕಂಪನಿಯ ಬ್ಯಾರೆ ಪ್ಲಾಂಟಿನ ಸರ್ಟಿಫಿಕೇಟ್ ನಿಮಗ ಉಪಯೋಗಕ್ಕ ಬರೂದಿಲ್ಲ.

ಗದಗ, ಬೇರಿಂಗ್-ಸೀಲ್: ಸರ್, 20 ಆಯಿಲ್ ಸೀಲಿಗೆ ಲೆವೆಲ್ 3 ಪಿಪಿಎಪಿ ಕೇಳ್ಯಾರ. ಇನ್ನೊಂದು ಗುಂಪಿನ್ಯಾಗ ಈ ಎಕ್ಸೆಲ್ ಫೈಲ್ ಬಂದೈತಿ, 18 ಶೀಟ್ ತುಂಬಿ ಕೊಟ್ರ ಮುಗೀತು ಅಂತಾರ.

ಕ್ವಾಲಿಟಿ ಸರ್: ತುಂಬಬ್ಯಾಡ್ರಿ. ಪಿಪಿಎಪಿ ಅಂದ್ರ ಪಾರ್ಟ್ ಹೆಂಗ ತಯಾರಾಗ್ತದ, ಡ್ರಾಯಿಂಗಿಗೆ ಹೊಂದತದ ಅಂತ ತಯಾರಕರು ತೋರಿಸೋ ಕಾಗದದ ಕಟ್ಟು; ಲೆವೆಲ್ ಅಂದ್ರ ಅದರಾಗ ಗಿರಾಕಿಗೆ ಎಷ್ಟು ಕೊಡಬೇಕು ಅನ್ನೋದು. ಆ 18 ಬಾಬಿನ್ಯಾಗ ಪ್ರೋಸೆಸ್ ಫ್ಲೋ, ಎಫ್‌ಎಂಇಎ (ಎಲ್ಲಿ ಏನು ಕೆಡಬಹುದು ಅನ್ನೋ ಪಟ್ಟಿ), ಕಂಟ್ರೋಲ್ ಪ್ಲ್ಯಾನ್ (ತಯಾರಿಯೊಳಗ ಏನೇನು ತಪಾಸಣಿ ಮಾಡಬೇಕು ಅನ್ನೋದು) ಬರ್ತಾವ. ರಬ್ಬರ್ ಮೋಲ್ಡ್ ಮಾಡೋ ಪ್ರೆಸ್ ನಿಮ್ಮ ಅಂಗಡ್ಯಾಗ ಇಲ್ಲ. ಮತ್ತ ಕಂಟ್ರೋಲ್ ಪ್ಲ್ಯಾನ್ ಯಾವುದಕ್ಕ ಬರೀತೀರಿ? ಗಿರಾಕಿಯ ಖರೀದಿ ವಿಭಾಗಕ್ಕ ಹಿಂಗ ಬರೀರಿ: "ಇದು ಕ್ಯಾಟಲಾಗ್ ಪಾರ್ಟ್, ನಿಮ್ಮ ಡ್ರಾಯಿಂಗ್ ಪ್ರಕಾರ ಮಾಡಿದ್ದಲ್ಲ. ಲೆವೆಲ್ 1 ಸಾಕೇನು?" ಲೆವೆಲ್ 1 ಅಂದ್ರ ತಯಾರಕರ ಸಹಿ ಇರೋ ವಾರಂಟ್ (ಖಾತ್ರಿ) ಹಾಳಿ, ಪಿಎಸ್‌ಡಬ್ಲ್ಯೂ. ಬ್ಯಾರೆ ಏನೂ ಹೇಳದಿದ್ರ ಲೆವೆಲ್ 3 ಅಂತ ಲೆಕ್ಕ, ಅದಕ್ಕ ಫಾರ್ಮಿನ್ಯಾಗ ಹಂಗ ಅಚ್ಚಾಗಿ ಬರ್ತದ. ಅದ ಬೇಕು ಅಂದ್ರ ತಯಾರಕರಿಂದ ತರಿಸಿ ಕೊಡ್ರಿ.

ತಾರಿಹಾಳ, ಬೋಲ್ಟ್ ಅಂಗಡಿ: ಸರ್, ಎಂ12 ಅಲೆನ್ ಬೋಲ್ಟ್, 12.9 ಗ್ರೇಡ್ (ಭಾಳ ಗಟ್ಟಿದು), ಕರಿ ಮಾಲು 400 ಬಂದಿತ್ತು. ತುಕ್ಕು ಹಿಡೀಬಾರ್ದಂತ ಲೋಕಲ್ ಪ್ಲೇಟಿಂಗ್‌ನ್ಯಾಗ ಎಲ್ಲಾಕೂ ಜಿಂಕ್ ಮಾಡಿಸಿ 150 ಕೊಟ್ಟೀವಿ. ಟಿಪ್ಪರ್ ಸಿಲಿಂಡರ್ ಬ್ರ್ಯಾಕೆಟ್ಟಿಗೆ ಹಾಕ್ತಾರ. ಈಗ 3.1 ಸರ್ಟಿಫಿಕೇಟ್ (ಮಾಲು ತಪಾಸಣಿ ಮಾಡಿ ತಯಾರಕರು ಕೊಡೋ ಕಾಗದ) ಕೇಳ್ಯಾರ. ಬೋಲ್ಟ್ ಕಂಪನಿ ಕೊಟ್ಟಿದ್ದು ಐತಿ, ಅದನ್ನ ಕಳಿಸಿದ್ರ ನಡೀತೈತಲ್ರಿ?

ಕ್ವಾಲಿಟಿ ಸರ್: ನಡಿಯೂದಿಲ್ಲ. ಸರ್ಟಿಫಿಕೇಟ್ ಮಾತು ಆಮ್ಯಾಲ. ಉಳಿದ 250 ಇವತ್ತ ಮಾರಾಟದಿಂದ ತಗದು, ಕೆಂಪು ಚೀಟಿ ಕಟ್ಟಿ ಬ್ಯಾರೆ ಇಡ್ರಿ. ಗಿರಾಕಿಗೆ ಈಗ ಫೋನ್ ಮಾಡ್ರಿ, ಬೆನ್ನಿಗೇ ಮೇಲ್ ಹಾಕ್ರಿ: ಹಾಕಿಲ್ಲಂದ್ರ ಹಾಕಬ್ಯಾಡ್ರಿ, ಹಾಕಿದ್ರ ಗಾಡಿ ನಿಲ್ಲಿಸ್ರಿ.

12.9 ಬೋಲ್ಟಿನ ಗಡಸುತನ 39ರಿಂದ 44 ಎಚ್‌ಆರ್‌ಸಿ. ಇಷ್ಟು ಗಡಸು ಉಕ್ಕನ್ನ ಆಸಿಡ್‌ನ್ಯಾಗ ಅದ್ದಿ, ಕರೆಂಟ್ ಕೊಟ್ಟು ಜಿಂಕ್ ಏರಿಸುವಾಗ ಹೈಡ್ರೋಜನ್ ಉಕ್ಕಿನ ಒಳಗ ಸೇರ್ತದ. ಮ್ಯಾಲ ಜಿಂಕ್ ಕುಂತ ಮ್ಯಾಲ ಹೊರಗ ಬರೋ ದಾರಿ ಮುಚ್ಚತದ. ಬೋಲ್ಟ್ ಬಿಗಿ ಮಾಡುವಾಗ ಏನೂ ಗೊತ್ತಾಗೂದಿಲ್ಲ, ಟಾರ್ಕ್ ರೆಂಚ್ ಸರಿಯಾಗೇ ಕ್ಲಿಕ್ ಅಂತದ. ಕೆಲವು ತಾಸಿಗೋ ಮರುದಿನಕ್ಕೋ ತಲಿ ಬುಡದಾಗ ಪಟ್ ಅಂತ ಹಾರಬಹುದು. ಮುರಿದ ಮುಖ ಭೂತಗನ್ನಡಿ ಹಿಡಿದು ನೋಡ್ರಿ, ಕಲ್ಲುಸಕ್ಕರಿ ಒಡದಂಗ ಹರಳು ಹರಳು ಕಾಣ್ತದ. ಜಗ್ಗಿ ಸಣ್ಣಗಾದ ಗುರುತು ಇರೂದಿಲ್ಲ. ಲ್ಯಾಬಿನ್ಯಾಗ ನಾಲ್ಕು ಬೋಲ್ಟ್ ಎಳೆಸಿ, ಬೇಕಾದ 103 ಕಿಲೋನ್ಯೂಟನ್ ತಡದಾವ ಅಂತ ರಿಪೋರ್ಟ್ ತಂದ್ರೂ ನಾ ಒಪ್ಪೂದಿಲ್ಲ. ಎಳೆಯೋ ಟೆಸ್ಟ್ ನಿಮಿಷದಾಗ ಮುಗೀತದ, ಈ ಮುರಿತ ತಾಸುಗಟ್ಟಲೆ ಹೊತ್ತು ತಗೋತದ.

ಪ್ಲೇಟಿಂಗ್‌ನವರಿಗೆ ಒಂದ ಪ್ರಶ್ನಿ ಕೇಳ್ರಿ: ಬೇಕಿಂಗ್ ಮಾಡೀರೇನು? ಒಳಗಿನ ಹೈಡ್ರೋಜನ್ ಹೋಗಲಿ ಅಂತ ಪ್ಲೇಟಿಂಗ್ ಮುಗಿದ 4 ತಾಸಿನೊಳಗ ಓವನ್ನಿಗೆ ಹಾಕಿ, 190ರಿಂದ 220 ಡಿಗ್ರಿಯೊಳಗ ಹಲವು ತಾಸು ಇಡಬೇಕು. ಓವನ್ ಚಾರ್ಟ್ ತಾರೀಖು, ಟೈಮ್ ಸಮೇತ ಬೇಕು. ಚಾರ್ಟ್ ಇಲ್ಲಂದ್ರ ಬೇಕಿಂಗ್ ಆಗಿಲ್ಲ ಅಂತನ ತಿಳೀರಿ. ಈಗ ಹೋಗಿ ಕಾಸಬ್ಯಾಡ್ರಿ. ಒಳಗ ಎದ್ದ ಬಿರುಕು ಕಾಸಿದ್ರ ಕೂಡೂದಿಲ್ಲ.

ಇನ್ನ ಕಾಗದ. ಆ ಸರ್ಟಿಫಿಕೇಟ್ ಕರಿ ಬೋಲ್ಟಿಂದು. ಆಸಿಡ್‌ನ್ಯಾಗ ಅದ್ದಿದ ಮ್ಯಾಲ ಅದು ಈ ಮಾಲಿನ ಬಗ್ಗೆ ಏನೂ ಹೇಳೂದಿಲ್ಲ. ತುಕ್ಕು ತಡಿಯೋದ ಬೇಕಂದ್ರ ತಯಾರಕರ ಕಡಿಂದನ ಜಿಂಕ್ ಫ್ಲೇಕ್ ಲೇಪನದ್ದು ತರಿಸ್ರಿ. ಆ ಲೇಪನಕ್ಕ ಕರೆಂಟ್ ಹಚ್ಚೂದಿಲ್ಲ. ಗ್ರೇಡ್ ಇಳಿಸಬಹುದೋ ಇಲ್ಲೋ ಅನ್ನೋದನ್ನ ಬ್ರ್ಯಾಕೆಟ್ ಡಿಸೈನ್ ಮಾಡಿದವರು ಹೇಳಬೇಕು, ನಾವಲ್ಲ.

ಹಾವೇರಿ, ಸ್ಪೇರ್ಸ್: ಫಾರ್ವರ್ಡ್ ಬಂದದ್ದು: "ಪ್ಲೇಟಿಂಗ್ ಬೋಲ್ಟ್ ಹಳೇ ಎಂಜಿನ್ ಆಯಿಲ್‌ನ್ಯಾಗ ಅರ್ಧ ತಾಸು ಕುದಿಸಿದ್ರ ಹೈಡ್ರೋಜನ್ ಪೂರ್ತಿ ಹೋಗುತ್ತದೆ." ಖರೇನ್ರಿ ಸರ್? ಮತ್ತ ಐಎಂಡಿಎಸ್ ನಂಬರ್ ಅಂದ್ರೇನು?

ಕ್ವಾಲಿಟಿ ಸರ್: ಅದನ್ನ ಡಿಲೀಟ್ ಮಾಡ್ರಿ. 200 ಡಿಗ್ರಿ ಹತ್ರ ಹಳೇ ಎಣ್ಣಿ ಹೊಗಿ ಬಿಡ್ತದ, ಬೆಂಕಿ ಹತ್ತಬಹುದು. ಅರ್ಧ ತಾಸು ಸಾಲೂದಿಲ್ಲ. ಟಿಪ್ಪರ್ ಕೆಳಗ ಮನುಷ್ಯಾರು ಕೆಲಸ ಮಾಡ್ತಾರ. ಇಂಥದ್ದನ್ನ ಯಾರೂ ಈ ಗುಂಪಿಗೆ ಹಾಕಬ್ಯಾಡ್ರಿ.

ನವಲಗುಂದ, ಸ್ಪೇರ್ಸ್: ಸರ್, ಟ್ರೇಡರ್‌ಗೆ ಐಎಟಿಎಫ್ ಕೇಳ್ಯಾರ...

ಕ್ವಾಲಿಟಿ ಸರ್: ಮ್ಯಾಲ ಬರ್ದೀನಿ.

ಗೋಕುಲ ರಸ್ತೆ, ಹೋಲ್‌ಸೇಲ್: ಕಂಪನಿ ಸರ್ಟಿಫಿಕೇಟ್ ಹಂಗ ಕೊಟ್ರ ಗಿರಾಕಿ ಸೀದಾ ಕಂಪನಿಗೆ ಹೋಗ್ತಾನ. ಪಿಡಿಎಫ್‌ನ್ಯಾಗ ಹೆಸರು ಅಳಿಸಿ ನಮ್ಮ ಲೆಟರ್‌ಹೆಡ್ ಮ್ಯಾಲ ಕೊಡೋದು. ಎಲ್ಲಾರೂ ಮಾಡ್ತಾರ.

ಗದಗ, ಬೇರಿಂಗ್-ಸೀಲ್: ಎಲ್ಲಾರೂ ಅನಬ್ಯಾಡ್ರಿ. ನಾವು ಮಾಡಿಲ್ಲ.

ಗೋಕುಲ ರಸ್ತೆ, ಹೋಲ್‌ಸೇಲ್: ನಿಮ್ದು 20 ಸೀಲಿನ ವ್ಯಾಪಾರ. ನಮ್ದು ಟನ್ ಲೆಕ್ಕ.

ಗದಗ, ಬೇರಿಂಗ್-ಸೀಲ್: ಟನ್ ಮಾರಿದ್ರ ಸುಳ್ಳು ಖರೆ ಆಗ್ತೈತೇನ್ರಿ? ಬೋಲ್ಟಿನ ತಲಿ ಮ್ಯಾಲ ಕಂಪನಿ ಗುರುತು ಒತ್ತ್ಯಾರಲ್ಲ, ಅದನ್ನ ಯಾವ ಪಿಡಿಎಫ್‌ನ್ಯಾಗ ಅಳಸ್ತೀರಿ?

ಗೋಕುಲ ರಸ್ತೆ, ಹೋಲ್‌ಸೇಲ್: ನಿಮಗ ಕೇಳಿಲ್ಲ ನಾನು.

ಕ್ವಾಲಿಟಿ ಸರ್: ನನಗ ಕೇಳಿದ್ರೂ ಉತ್ತರ ಅದ. 3.1 ಅನ್ನೋದು ಇಎನ್ 10204 ಮಾನಕದ್ದು. ನಡಬರಕ ಇರೋ ವ್ಯಾಪಾರಿ ತಯಾರಕರ ಕಾಗದದ ಮೂಲ ಅಥವಾ ಪ್ರತಿ ಕೊಡಬೇಕು, ಒಂದಕ್ಷರ ಬದಲಿಸಬಾರದು ಅಂತ ಅದರಾಗ ಅದ. ಮಾಲಿಗೂ ಕಾಗದಕ್ಕೂ ತಾಳಿ ಆಗೋ ಗುರುತೂ ಜೊತಿಗೆ ಹೋಗಬೇಕು. ಸಹಿ ಹಾಕೋರು ತಯಾರಕರ ತಪಾಸಣಾ ಪ್ರತಿನಿಧಿ, ಅದೂ ಉತ್ಪಾದನಾ ವಿಭಾಗದಿಂದ ಸ್ವತಂತ್ರ ಇರೋರು. ನಿಮ್ಮ ಲೆಟರ್‌ಹೆಡ್ ಮ್ಯಾಲ 3.1 ಆಗೂದ ಇಲ್ಲ. ಗಿರಾಕಿ ಹೋಗ್ತಾನ ಅನ್ನೋ ಅಂಜಿಕಿ ಇದ್ರ ತಯಾರಕರ ಜೋಡಿ ಕರಾರು ಮಾಡ್ಕೊಳ್ರಿ.

ತಾಳಿ ತಪ್ಪೋದು ಡಬ್ಬ್ಯಾಗ. ಒಂದು ಲಾಟ್ ಖಾಲಿ ಆಗೂತನಕ ಇನ್ನೊಂದನ್ನ ಅದ ಡಬ್ಬಿಗೆ ಸುರುವಬ್ಯಾಡ್ರಿ. ಪೆಟ್ಟಿಗಿ ಲೇಬಲ್ ಕತ್ತರಿಸಿ ಡಬ್ಬ್ಯಾಗ ಹಾಕ್ರಿ, ಇನ್‌ವಾಯ್ಸಿನ ಸಾಲಿನ್ಯಾಗ ಲಾಟ್ ನಂಬರ್ ಬರೀರಿ. ಎರಡು ಲಾಟ್ ಕೂಡಿದ್ರ ಆ ಡಬ್ಬಿಗೆ ಸರ್ಟಿಫಿಕೇಟ್ ಇಲ್ಲ.

ಬ್ಯಾಡಗಿ, ಆಟೋ ಸ್ಟೋರ್ಸ್: ಆಯಿಲ್ ಸೀಲ್ ಎಷ್ಟು ವರ್ಷ ಇಡಬಹುದ್ರಿ? ಗಿರಾಕಿ ಬರ್ದುಕೊಡು ಅಂತಾರ.

ಕ್ವಾಲಿಟಿ ಸರ್: ಐಎಸ್‌ಒ 2230 (ರಬ್ಬರ್ ಮಾಲು ಇಡೋ ಮಾನಕ) ಪ್ರಕಾರ: ನೈಟ್ರೈಲ್ ರಬ್ಬರ್ 7 ವರ್ಷ, ತಪಾಸಣಿ ಮಾಡಿ ಇನ್ನ 3. ವೈಟಾನ್ ರಬ್ಬರ್ 10, ಇನ್ನ 5. ತಯಾರಾದ ತಾರೀಖಿನಿಂದ ಲೆಕ್ಕ, ಬಿಲ್ಲಿನ ತಾರೀಖಿನಿಂದ ಅಲ್ಲ. ಮೊಳಿಗೆ ನೇತು ಹಾಕಬ್ಯಾಡ್ರಿ, ತುಟಿ ಸೊಟ್ಟ ಆಗ್ತದ.

ಹಾವೇರಿ, ಸ್ಪೇರ್ಸ್: ಐಎಂಡಿಎಸ್ ಕೇಳಿದ್ದೆ ಸರ್.

ಲಕ್ಷ್ಮೇಶ್ವರ, ಸ್ಪೇರ್ಸ್: ಐಎಟಿಎಫ್ ಅಂಗಡಿಗೆ ಸಿಗ್ತೈತೇನ್ರಿ?

ಕ್ವಾಲಿಟಿ ಸರ್: ಐಎಂಡಿಎಸ್ ಅಂದ್ರ ಗಾಡಿ ಪಾರ್ಟಿನ್ಯಾಗ ಯಾವ ಯಾವ ವಸ್ತು ಅದಾವ ಅಂತ ತಯಾರಕರು ಬರಸೋ ಆನ್‌ಲೈನ್ ದಾಖಲಿ, ನಂಬರ್ ಅದರದ್ದು. ಐಎಟಿಎಫ್ ಪ್ರಶ್ನಿ ಮೂರನೇ ಸಲ. ಮ್ಯಾಲ ಓದ್ರಿ. ತಾರಿಹಾಳದವರು ಎಲ್ಲಿದ್ದೀರಿ?

ತಾರಿಹಾಳ, ಬೋಲ್ಟ್ ಅಂಗಡಿ: ಇದೀನ್ರಿ. ಗಿರಾಕಿ ಸಿಟ್ಟಾಗ್ಯಾರ. 114 ಅವರ ಸ್ಟೋರಿನ್ಯಾಗ ಅದಾವ, ವಾಪಸ್ ಕೊಡ್ತಾರ. ಪ್ಲೇಟಿಂಗ್‌ನವರ ಹತ್ರ ಓವನ್ನ ಇಲ್ಲಂತ.

ಕ್ವಾಲಿಟಿ ಸರ್: 36 ಎಲ್ಲಿ?

ತಾರಿಹಾಳ, ಬೋಲ್ಟ್ ಅಂಗಡಿ: ಹಾಕ್ಯಾರ. ಗಾಡಿಗೆ 4ರಂಗ 9 ಗಾಡಿ.

ಗೋಕುಲ ರಸ್ತೆ, ಹೋಲ್‌ಸೇಲ್: ಇಷ್ಟು ದಿನ ಏನೂ ಆಗಿಲ್ಲಲ್ಲ, ಸುಮ್ನ ಅಂಜಸ್ತೀರಿ.

ಕ್ವಾಲಿಟಿ ಸರ್: ನೀವು ನಡುವ ಬರಬ್ಯಾಡ್ರಿ. ತಾರಿಹಾಳದವರು, 9 ಗಾಡಿಯ ಚಾಸಿ ನಂಬರ್ ಬರ್ಕೊಂಡು ಬರ್ರಿ. ಎತ್ತಿದ ಟ್ರಾಲಿಗೆ ಆಸರಿ ಕೊಡದ ಯಾರೂ ಬೋಲ್ಟಿಗೆ ಕೈ ಹಚ್ಚಬಾರದು. ಬದಲಿಸಿದ್ದಕ್ಕ ಗಾಡಿಗೊಂದು ಸಹಿ. ತಗದ 36 ಎಣಿಸಿ, ವಾಪಸ್ ಬಂದ 114, ನಿಮ್ಮ 250 ಕೂಡಿಸಿ, ಗ್ರೈಂಡರ್ ಹಚ್ಚಿ ತುಂಡು ಮಾಡಿ ಗುಜರಿಗೆ ಹಾಕ್ರಿ. ಇಡಿ ಬೋಲ್ಟ್ ಗುಜರಿಗೆ ಹೋದ್ರ ತಿರುಗಿ ಪ್ಯಾಟಿಗೆ ಬರ್ತದ.

ತಾರಿಹಾಳ, ಬೋಲ್ಟ್ ಅಂಗಡಿ: 7 ಗಾಡಿ ವರ್ಕ್‌ಶಾಪಿನ್ಯಾಗ ಅದಾವ್ರಿ. 2 ಕ್ರಷರ್‌ಗೆ ಹೋಗ್ಯಾವ.

ಕ್ವಾಲಿಟಿ ಸರ್: ಡ್ರೈವರ್ ನಂಬರ್ ತಗೊಂಡು ಈಗ ಫೋನ್ ಮಾಡ್ರಿ. ಟ್ರಾಲಿ ಎತ್ತಬ್ಯಾಡಂತ ಹೇಳ್ರಿ.