ಕಾಲ್ ಸೆಂಟರ್ ಬಿಟ್ಟು ಜಿಎನ್‌ಎಂ (ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ) ಸೇರಬಹುದಾ? ಅನುಭವ ಇರುವವರು ಹೇಳಿ

ಕೇಳಿದವರು: ನನಗೆ 31. ಬೆಂಗಳೂರಿನಲ್ಲಿ ಒಂಬತ್ತು ವರ್ಷದಿಂದ ಕಾಲ್ ಸೆಂಟರ್ ಕೆಲಸ. ಪಿಯುಸಿ ಕಾಮರ್ಸ್, 58 ಪರ್ಸೆಂಟ್. ಅಪ್ಪ ಐಸಿಯುನಲ್ಲಿದ್ದಾಗ ಸಿಸ್ಟರ್‌ಗಳನ್ನು ಹತ್ತಿರದಿಂದ ನೋಡಿದೆ, ಆಗಿನಿಂದ ಇದೇ ಯೋಚನೆ. ಮಗನಿಗೆ ನಾಲ್ಕು ವರ್ಷ. ಸೇರಲಾ, ಬೇಡವಾ?

ಹಾಸನದವಳು: ನಾನು 34ಕ್ಕೆ ಸೇರಿದವಳು. 35 ದಾಟಿದರೆ ಜಿಎನ್‌ಎಂ ಬಾಗಿಲೇ ಮುಚ್ಚುತ್ತದೆ ಅಂತ ಗಾರ್ಮೆಂಟ್ಸ್ ಕೆಲಸ ಬಿಟ್ಟು ಓಡಿದೆ. ವರ್ಷಕ್ಕೆ 80,000 ಅಂದರು, ನಂಬಿದೆ. ಸೇರಿದ ಮೇಲೆ ಯೂನಿಫಾರ್ಮ್, ಶೂ 7,500, ರೆಕಾರ್ಡ್ ಪುಸ್ತಕ 3,000, ಆಸ್ಪತ್ರೆ ತರಬೇತಿಯ ಪೋಸ್ಟಿಂಗ್‌ಗೆ ಕರೆದೊಯ್ಯುವ ಕಾಲೇಜು ಬಸ್ಸಿಗೆ ವರ್ಷಕ್ಕೆ 12,000, ಪರೀಕ್ಷೆ ಫೀಸು ಬೇರೆ. ಅನಾಟಮಿ ಒಂದು ಸಲ ಹೋಯಿತು, ಅದಕ್ಕೆ ಮತ್ತೆ ಕಟ್ಟಿದೆ. ಮೂರು ಲಕ್ಷ ದಾಟಿತು. ತಾಳಿ ಬಿಟ್ಟು ಉಳಿದ ಚಿನ್ನವೆಲ್ಲ ಅಡವಿಟ್ಟೆ, ಅಮ್ಮ ಕೊಟ್ಟಿದ್ದ ಬಳೆ ಬಿಡಿಸಲಾಗದೆ ಹರಾಜಿಗೆ ಹೋಯಿತು. ಮೊದಲ ಸಂಬಳ 15,000. ಐದು ವರ್ಷ ಆಗಿದೆ, ಈಗ 28,000. ಆದರೆ ಮಕ್ಕಳ ವಾರ್ಡ್‌ನಲ್ಲಿ ಯಾರಿಗೂ ವೇನ್ (ರಕ್ತನಾಳ) ಸಿಗದಿದ್ದರೆ ಕ್ಯಾನುಲಾ (ಡ್ರಿಪ್ ಕೊಡುವ ಸಣ್ಣ ಕೊಳವೆ) ಹಾಕಲು ನನ್ನನ್ನೇ ಕರೆಯುತ್ತಾರೆ.

ತುಮಕೂರಿನವನು: ನಾನು ಡಿಎಂಎಲ್‌ಟಿ, ಅಂದರೆ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ. ಆರ್ಟ್ಸ್ ಪಿಯುಸಿ ಆಗಿದ್ದಕ್ಕೆ ಸೈನ್ಸ್‌ನವರಿಗಿರುವ ಎರಡು ವರ್ಷದ ದಾರಿ ಇಲ್ಲ, ಎಸ್‌ಎಸ್‌ಎಲ್‌ಸಿ ಮೇಲೆ ಮೂರು ವರ್ಷ ಓದಿದೆ. ನಲವತ್ತು ಜನಕ್ಕೆ ಕೆಲಸ ಮಾಡುವ ಮೈಕ್ರೋಸ್ಕೋಪ್ ಒಂದೇ. ಈಗ ಬೆಳಗ್ಗೆ ಐದೂವರೆಗೆ ಬೈಕ್ ತೆಗೆದು ಮನೆ ಮನೆಗೆ ಫಾಸ್ಟಿಂಗ್ ಸ್ಯಾಂಪಲ್ ತರಲು ಹೋಗುತ್ತೇನೆ. ಸಂಬಳ 13,000, ಅದರಲ್ಲಿ ಪೆಟ್ರೋಲಿಗೇ 3,800. ಸ್ಯಾಂಪಲ್ ಹೀಮೋಲೈಸ್ ಆದರೆ (ರಕ್ತಕಣ ಒಡೆದು ಕೆಟ್ಟರೆ) ಮತ್ತೆ ಹೋಗಬೇಕು, ಆ ಪೆಟ್ರೋಲೂ ನಮ್ಮದೇ. ಹಾಸನದ ಮೇಡಂ, ಕ್ಯಾನುಲಾ ಹೆಮ್ಮೆ ಇರಲಿ, ಬಡ್ಡಿ ಎಷ್ಟು ಕಟ್ಟಿದಿರಿ ಅಂತ ಕೇಳಿದವರಿಗೆ ಹೇಳಿ.

ಹಾಸನದವಳು: ಬಳೆ ಹೋಗಿದ್ದನ್ನು ಬರೆದಿದ್ದೇನಲ್ಲಾ, ಇನ್ನೇನು ಹೇಳಬೇಕು? ನಿಮ್ಮ ಕಾಲೇಜು ಮೋಸ ಮಾಡಿದ್ದಕ್ಕೆ ನನ್ನ ಕೆಲಸ ಯಾಕೆ ಸಣ್ಣದು ಮಾಡುತ್ತೀರಿ?

ಹುಬ್ಬಳ್ಳಿಯಿಂದ: ಎಲ್ಲರೂ ಲಕ್ಷದ ಮಾತೇ. ನಾನು ಕೌಶಲ ವಿಕಾಸ ಯೋಜನೆಯಲ್ಲಿ ನಾಲ್ಕು ತಿಂಗಳ ಜಿಡಿಎ (ರೋಗಿ ಆರೈಕೆ ಸಹಾಯಕರ ತರಬೇತಿ) ಮಾಡಿದೆ, ಫೀಸು ಇಲ್ಲ. ಮನೆಯಲ್ಲೇ ರೋಗಿ ನೋಡಿಕೊಳ್ಳುವ ಕೆಲಸ, ದಿನಕ್ಕೆ 12 ತಾಸು. ಮನೆಯವರು ಏಜೆನ್ಸಿಗೆ 900 ಕೊಡುತ್ತಾರೆ, ನನ್ನ ಕೈಗೆ 600. ಸ್ಟ್ರೋಕ್ ಆಗಿ ಮಲಗಿದ ಅಜ್ಜನನ್ನು ಹದಿನಾಲ್ಕು ತಿಂಗಳು ಎರಡೆರಡು ತಾಸಿಗೆ ಮಗ್ಗುಲು ಬದಲಿಸಿದೆ, ಬೆನ್ನಿಗೆ ಒಂದು ಹುಣ್ಣು ಆಗಲಿಲ್ಲ. ಆದರೂ ಸಂಬಂಧಿಕರು ಬಂದಾಗ ಕೆಲಸದವಳು ಅಂತಲೇ ಹೇಳುತ್ತಾರೆ.

ಹಾಸನದವಳು: ಹುಣ್ಣು ಆಗದ ಹಾಗೆ ನೋಡಿಕೊಳ್ಳುವುದು ಸುಮ್ನೆ ಮಾತಲ್ಲ, ಒಪ್ಪುತ್ತೇನೆ. ಆದರೆ ಜಿಡಿಎ ಮಾಡಿ ನರ್ಸ್ ಅಂತ ಇಂಜೆಕ್ಷನ್ ಕೊಡುವವರನ್ನು ನೋಡಿದ್ದೇನೆ. ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್‌ಗೆ ನಾವು ಮೂರು ವರ್ಷ ಒದ್ದಾಡಿದ್ದೇವೆ.

ಹುಬ್ಬಳ್ಳಿಯಿಂದ: ನಾನು ಯಾವಾಗ ಚುಚ್ಚಿದೆ ಅಂದೆ? ಸೂಜಿ ಮುಟ್ಟಿಯೇ ಇಲ್ಲ. ಅಜ್ಜನ ಬಟ್ಟೆ ಬದಲಿಸಿದ್ದು ಬರೆದರೆ ಕೌನ್ಸಿಲ್ ಯಾಕೆ ಬಂತು?

ಮೈಸೂರಿನವಳು: ಜಗಳ ಬಿಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡುವ ಮೊದಲು ಯೋಚಿಸಿ. ನಾನು ಒಂದು ವರ್ಷ ಓದಿ ಬಿಟ್ಟೆ, ಅಮ್ಮನಿಗೆ ಹುಷಾರಿರಲಿಲ್ಲ. ಉಳಿದ ಎರಡು ವರ್ಷದ ಫೀಸು ಕಟ್ಟಿದರೆ ಮಾತ್ರ ಕಾರ್ಡ್ ಕೊಡುತ್ತೇವೆ ಅಂದರು. ಹನ್ನೊಂದು ಸಲ ಅಲೆದೆ.

ತುಮಕೂರಿನವನು: ಕೊಡದೆ ಸೀಟು ಎಲ್ಲಿ ಸಿಗುತ್ತದೆ? ಹೇಳುವುದು ಸುಲಭ.

ಮೈಸೂರಿನವಳು: ಕೊಟ್ಟದ್ದಕ್ಕೆ ಕೈಬರಹದ ರಸೀದಿ ಆದರೂ ತೆಗೆದುಕೊಳ್ಳಬಹುದಿತ್ತು ಅಲ್ವಾ? ನನ್ನ ಹತ್ತಿರ ಅದೂ ಇರಲಿಲ್ಲ. ಅದಕ್ಕೇ ಹೇಳಿದ್ದು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಹಾಸನದ ಅಕ್ಕ, ಒಂದು ಕೇಳಲಾ? ನೈಟ್ ಪೋಸ್ಟಿಂಗ್ ಇದ್ದಾಗ ಮಕ್ಕಳನ್ನು ಎಲ್ಲಿ ಬಿಡುತ್ತಿದ್ದಿರಿ?

ಹಾಸನದವಳು: ಅತ್ತೆ ಹತ್ತಿರ. ಎರಡನೇ ವರ್ಷ ಅವರು ಊರಿಗೆ ಹೋಗಿಬಿಟ್ಟರು. ಆಮೇಲೆ ಪಕ್ಕದ ಮನೆಯವರಿಗೆ ತಿಂಗಳಿಗೆ 2,500 ಕೊಟ್ಟೆ, ಅದನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ.