‘ಟ್ಯಾಕ್ಸಿ ಡ್ರೈವರ್’ ಚಿತ್ರದ ಟ್ರಾವಿಸ್: ಯುದ್ಧ ಕೆಡಿಸಿದ ಮನಸ್ಸೋ, ಯುದ್ಧದ ಅಂಗಿ ತೊಟ್ಟ ಕೊಲೆಗಾರನೋ?

ಪರದೆಪ್ರಿಯ:
ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶಿಸಿದ, ಪಾಲ್ ಶ್ರೇಡರ್ ಚಿತ್ರಕಥೆ ಬರೆದ ‘ಟ್ಯಾಕ್ಸಿ ಡ್ರೈವರ್’ (1976) ಚಿತ್ರವನ್ನು ಯಾರೇ ಪರಿಚಯಿಸಿದರೂ ‘ವಿಯೆಟ್ನಾಂ ಯುದ್ಧದಿಂದ ಮನಸ್ಸು ಘಾಸಿಗೊಂಡು ಮರಳಿದ ಸೈನಿಕನೊಬ್ಬನ ಕಥೆ’ ಎಂದೇ ಆರಂಭಿಸುತ್ತಾರೆ. ಈ ಮಾತಿಗೆ ನನ್ನ ತಕರಾರಿದೆ. ನ್ಯೂಯಾರ್ಕ್‌ನಲ್ಲಿ ರಾತ್ರಿ ಟ್ಯಾಕ್ಸಿ ಓಡಿಸುತ್ತ ಕೊನೆಗೆ ಕೊಲೆಗಿಳಿಯುವ, ರಾಬರ್ಟ್ ಡಿ ನಿರೋ ನಟಿಸಿರುವ ಟ್ರಾವಿಸ್ ಬಿಕಲ್ ಸೈನಿಕನಾಗಿದ್ದ ಎಂಬುದಕ್ಕೆ ಚಿತ್ರದಲ್ಲಿ ಸಿಗುವುದು ಕೆಲಸ ಕೇಳಲು ಹೋದಾಗ ಅವನು ಹೇಳುವ ಒಂದೆರಡು ಮಾತು, ಮೈಮೇಲಿನ ಜಾಕೆಟ್, ಬೆನ್ನ ಮೇಲಿನ ಗಾಯದ ಗುರುತು, ಇಷ್ಟೇ. ರಣರಂಗದ ನೆನಪಿನ ಒಂದು ದೃಶ್ಯವಿಲ್ಲ, ಸತ್ತ ಗೆಳೆಯನೊಬ್ಬನ ಹೆಸರಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಕಾರಿನಲ್ಲೇ ಬದುಕುತ್ತ, ವಾರಗಟ್ಟಲೆ ಯಾರೊಡನೆಯೂ ಮಾತಾಡದೆ, ಕೊನೆಗೆ ಹೊಟ್ಟೆಹುಣ್ಣಿಗೆಂದು ಆಸ್ಪತ್ರೆ ಸೇರಿದ ದಿನಗಳಿಂದ ಈ ಕಥೆ ಹುಟ್ಟಿತೆಂದು ಶ್ರೇಡರ್ ಅವರೇ ಹೇಳಿಕೊಂಡಿದ್ದಾರೆ. 1972ರಲ್ಲಿ ಗವರ್ನರ್ ಜಾರ್ಜ್ ವ್ಯಾಲೇಸ್ ಮೇಲೆ ಗುಂಡು ಹಾರಿಸಿದ ಆರ್ಥರ್ ಬ್ರೆಮರ್‌ನ ಪ್ರಕರಣವೂ ಇದರ ಹಿನ್ನೆಲೆಯಲ್ಲಿದೆ, ಮತ್ತು ಬ್ರೆಮರ್ ಯಾವ ಯುದ್ಧಕ್ಕೂ ಹೋದವನಲ್ಲ. ಹಾಗಾಗಿ ಇದು ಒಂಟಿತನದ ಚಿತ್ರವೇ ಹೊರತು ಯುದ್ಧದ ಚಿತ್ರವಲ್ಲ. ಟ್ರಾವಿಸ್‌ನನ್ನು ಗಾಯಗೊಂಡ ಯೋಧ ಎಂದು ಕರೆದ ಕೂಡಲೇ ಕಪ್ಪು ಜನರನ್ನು ಅವನು ನೋಡುವ ರೀತಿಗೂ ಹೆಣ್ಣನ್ನು ಅವನು ಅಳೆಯುವ ರೀತಿಗೂ ಪುಕ್ಕಟೆ ಮಾಫಿ ಸಿಕ್ಕಿಬಿಡುತ್ತದೆ ಎಂಬುದು ನನ್ನ ನಿಜವಾದ ಆಕ್ಷೇಪ.

ಮಾಜಿ ಸೈನಿಕ, ಸೋಮವಾರಪೇಟೆ:
ಪರದೆಪ್ರಿಯರೇ, ಚಿತ್ರದಲ್ಲಿ ಯುದ್ಧದ ಮಾತು ಬರುವುದಿಲ್ಲ ಎನ್ನುತ್ತೀರಿ. ನಮ್ಮ ಕೊಡಗಿನಲ್ಲಿ ಸೇನೆಯಿಂದ ಬಂದವರಿಗೆ ಕೊರತೆಯಿಲ್ಲ, ಆದರೆ ಕಣ್ಣಾರೆ ಕಂಡ ಯುದ್ಧವನ್ನು ಮನೆಯವರ ಮುಂದೆ ಬಿಡಿಸಿ ಹೇಳಿದವರನ್ನು ನಾನು ಹೆಚ್ಚು ನೋಡಿಲ್ಲ. ಮದುವೆ ಮನೆಯಲ್ಲಿ ರಜೆಯ ಕಥೆ, ಮೆಸ್ಸಿನ ಕಥೆ, ಮೇಲಧಿಕಾರಿಯ ಕಥೆ ಬರುತ್ತದೆ, ಉಳಿದದ್ದು ಬರುವುದಿಲ್ಲ. ಹಾಗಿರುವಾಗ ಮಾತಿಲ್ಲ ಎಂಬುದನ್ನೇ ಗಾಯವಿಲ್ಲ ಎಂಬುದಕ್ಕೆ ಸಾಕ್ಷಿ ಮಾಡುವುದು ಸರಿಯಲ್ಲ.

ನೀವು ಒಂದೆರಡು ಮಾತು ಎಂದು ಸರಿಸಿಬಿಟ್ಟ ಆ ಸಂದರ್ಶನದ ದೃಶ್ಯವನ್ನೇ ಇನ್ನೊಮ್ಮೆ ನೋಡಿ. ರಾತ್ರಿ ನಿದ್ದೆ ಬರುವುದಿಲ್ಲ, ಅದಕ್ಕೇ ಟ್ಯಾಕ್ಸಿ ಓಡಿಸಬೇಕು ಎಂದವನನ್ನು ಕಚೇರಿಯ ಮೇಲ್ವಿಚಾರಕ ಮೊದಲು ಗದರಿಸುತ್ತಾನೆ. ಮೆರೀನ್ ದಳದಲ್ಲಿದ್ದೆ, 1973ರ ಮೇ ತಿಂಗಳಲ್ಲಿ ಗೌರವಪೂರ್ವಕ ಬಿಡುಗಡೆಯಾಯಿತು ಎಂದು ತಿಳಿದ ಮೇಲೆ, ತಾನೂ ಮೆರೀನ್‌ನಲ್ಲಿದ್ದವನೆಂದು ಹೇಳಿ ಅವನ ದನಿ ಮೆತ್ತಗಾಗುತ್ತದೆ. ಆದರೆ ನಿದ್ದೆ ಯಾಕೆ ಬರುವುದಿಲ್ಲ ಎಂದು ಅವನೂ ಕೇಳುವುದಿಲ್ಲ, ಇವನೂ ಹೇಳುವುದಿಲ್ಲ. ಇಬ್ಬರು ಹಳೆಯ ಸೈನಿಕರ ನಡುವೆ ಇದಕ್ಕಿಂತ ನಿಜವಾದ ಸಂಭಾಷಣೆಯನ್ನು ನಾನು ಯಾವ ಚಿತ್ರದಲ್ಲೂ ಕೇಳಿಲ್ಲ.

ಆಮೇಲೆ ಅವನ ದಿನಚರಿ. ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ, ಒಮ್ಮೊಮ್ಮೆ ಎಂಟರವರೆಗೆ, ವಾರಕ್ಕೆ ಆರು ದಿನ, ಕೆಲವೊಮ್ಮೆ ಏಳೂ ದಿನ ಕೆಲಸ. ಇಷ್ಟಾದರೂ ನಿದ್ದೆಯಿಲ್ಲ. ಅಪ್ಪ ಅಮ್ಮನಿಗೆ ಬರೆಯುವ ಕಾರ್ಡಿನಲ್ಲಿ ತಾನು ಸರ್ಕಾರದ ಗುಟ್ಟಿನ ಕೆಲಸದಲ್ಲಿದ್ದೇನೆಂದು ಸುಳ್ಳು ಹೇಳುತ್ತಾನೆ. ಸುಳ್ಳು ಹೇಳುವುದಾದರೆ ಸಾಹುಕಾರನಾಗಿದ್ದೇನೆ ಎನ್ನಬಹುದಿತ್ತು, ಇವನು ಮಾತ್ರ ಇನ್ನೂ ಸೇವೆಯಲ್ಲಿದ್ದೇನೆ ಎನ್ನುತ್ತಾನೆ. ಕೊನೆಗೆ ಮಾತ್ರೆ ಬಿಟ್ಟು, ಊಟಕ್ಕೆ ಪಥ್ಯ ಹಾಕಿಕೊಂಡು, ದಿನಾ ಐವತ್ತು ದಂಡ ಹೊಡೆಯಲು ತೊಡಗಿದಾಗ ಅವನು ತನಗೆ ತಾನೇ ಆಜ್ಞೆ ಕೊಟ್ಟುಕೊಂಡು ಒಬ್ಬನೇ ಒಂದು ಪಡೆಯಾಗಿಬಿಡುತ್ತಾನೆ. ಬರೀ ಒಂಟಿತನಕ್ಕೆ ಈ ಕ್ರಮ ಬರುವುದಿಲ್ಲ.

ಸಂಕಲನದ ಮೇಜು:
ಸೈನಿಕರ ಮಾತಿಗೆ ತಾಂತ್ರಿಕ ಬೆಂಬಲವೂ ಇದೆ. ಬರ್ನಾರ್ಡ್ ಹರ್ಮನ್ ಅವರ ಹಿನ್ನೆಲೆ ಸಂಗೀತದಲ್ಲಿ ಎರಡು ಧಾರೆಗಳಿವೆ: ಒಂದು ಇರುಳಿನ ಊರಿಗೆ ಹೊಂದುವ ಸ್ಯಾಕ್ಸೊಫೋನ್, ಇನ್ನೊಂದು ಕವಾಯತಿನ ನೆನಪು ತರುವ ಡ್ರಮ್ ಮತ್ತು ಮೇಲೇರುತ್ತ ಬರುವ ಹಿತ್ತಾಳೆ ವಾದ್ಯಗಳು. ಹರ್ಮನ್ 1975ರ ಡಿಸೆಂಬರ್ 23ರಂದು ಇದರ ಧ್ವನಿಮುದ್ರಣ ಮುಗಿಸಿ, ಮರುದಿನ ಬೆಳಗಾಗುವುದರೊಳಗೆ ತೀರಿಕೊಂಡರು. ಚಿತ್ರವನ್ನು ಅವರಿಗೇ ಅರ್ಪಿಸಲಾಗಿದೆ.

ಆದರೆ ಕ್ಯಾಮೆರಾ ಪರದೆಪ್ರಿಯರ ಪರವಾಗಿ ಮಾತಾಡುತ್ತದೆ ಎಂಬುದನ್ನೂ ಹೇಳಲೇಬೇಕು. ತಾನು ಮೆಚ್ಚಿದ ಬೆಟ್ಸಿ ಎಂಬ ಯುವತಿಯನ್ನು ಮೊದಲ ಸಲ ಸಿನಿಮಾಗೆ ಕರೆದೊಯ್ದಾಗ ನೀಲಿಚಿತ್ರದ ಟಾಕೀಸಿಗೆ ಕರೆತಂದು ಎಲ್ಲ ಕೆಡಿಸಿಕೊಂಡ ಟ್ರಾವಿಸ್, ಆಮೇಲೆ ಸಾರ್ವಜನಿಕ ದೂರವಾಣಿಯಿಂದ ಅವಳಿಗೆ ಕ್ಷಮೆ ಕೇಳುತ್ತಿರುವಾಗ, ಮೈಕೆಲ್ ಚಾಪ್‌ಮನ್ ಅವರ ಕ್ಯಾಮೆರಾ ಮೆಲ್ಲನೆ ಪಕ್ಕಕ್ಕೆ ಸರಿದು ಯಾರೂ ಇಲ್ಲದ ಉದ್ದನೆಯ ಕಾರಿಡಾರನ್ನು ತೋರಿಸುತ್ತ ನಿಂತುಬಿಡುತ್ತದೆ. ಇಡೀ ಚಿತ್ರದಲ್ಲಿ ಬಹು ಮುಖ್ಯವಾದ ಶಾಟ್ ಇದು ಎಂದು ಸ್ಕಾರ್ಸೆಸಿ ಹೇಳಿದ್ದುಂಟು. ಕೊನೆಯ ರಕ್ತಪಾತವನ್ನು ಬಣ್ಣ ಮಂಕಾಗಿಸಿಯಾದರೂ ಪೂರ್ತಿ ತೋರಿಸುವ ಚಿತ್ರ, ಒಬ್ಬನ ಅವಮಾನವನ್ನು ಮಾತ್ರ ನೋಡಲಾರದೆ ಮುಖ ತಿರುಗಿಸುತ್ತದೆ. ಅಲ್ಲಿ ಇರುವುದು ವಿಯೆಟ್ನಾಂ ಅಲ್ಲ.

ಆಪ್ತಸಮಾಲೋಚಕಿ:
ಯುದ್ಧವೋ ಒಂಟಿತನವೋ ಎಂದು ಎರಡನ್ನು ಬೇರೆ ಬೇರೆ ತಕ್ಕಡಿಯಲ್ಲಿಟ್ಟು ತೂಗುತ್ತಿರುವುದು ನನಗೆ ಒಪ್ಪಿಗೆಯಾಗುತ್ತಿಲ್ಲ, ಏಕೆಂದರೆ ಆಘಾತದ ಒಂದು ಮುಖ್ಯ ಲಕ್ಷಣವೇ ಮನುಷ್ಯ ಉಳಿದವರಿಂದ ಕಡಿದುಹೋಗುವುದು. ನಿದ್ರಾಹೀನತೆ, ಸದಾ ಎಚ್ಚರದಲ್ಲಿರುವ ಮೈ, ಸುತ್ತಲಿನವರಿಂದ ದೂರ ಸರಿಯುವುದು ಇವೆಲ್ಲ ಇಂದಿನ ಯಾವ ಮನೋವೈದ್ಯರಿಗಾದರೂ ಪರಿಚಿತ. ಆದರೆ ಈ ಚಿತ್ರ ತೆರೆಗೆ ಬಂದದ್ದು ಯಾವಾಗ ಎಂಬುದನ್ನು ಗಮನಿಸಬೇಕು. ಅಮೆರಿಕದ ಮನೋವೈದ್ಯರ ಸಂಘ 1952ರ ತನ್ನ ರೋಗಪಟ್ಟಿಯಲ್ಲಿ ಯುದ್ಧದಂಥ ತೀವ್ರ ಒತ್ತಡದಿಂದಾಗುವ ಮನೋವಿಕಾರಕ್ಕೆ ಒಂದು ಜಾಗ ಕೊಟ್ಟಿತ್ತು, ವಿಯೆಟ್ನಾಂ ಯುದ್ಧ ಉರಿಯುತ್ತಿದ್ದ 1968ರಲ್ಲೇ ಆ ಜಾಗವನ್ನು ತೆಗೆದುಹಾಕಿತು, ಮತ್ತು ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಒತ್ತಡದ ಮನೋವಿಕಾರ) ಎಂಬ ಹೆಸರಿನಲ್ಲಿ ಅದು ಮರಳಿ ಬಂದದ್ದು 1980ರಲ್ಲಿ. ಟ್ರಾವಿಸ್ ಇರುವುದು ಈ ನಡುವಿನ ಖಾಲಿ ವರ್ಷಗಳಲ್ಲಿ. ಅವನು ಆಸ್ಪತ್ರೆಗೆ ಹೋಗಿದ್ದರೂ ಅಲ್ಲಿ ಅವನ ಕಾಯಿಲೆಗೆ ಬರೆದುಕೊಳ್ಳಲು ಒಂದು ಹೆಸರು ಇರಲಿಲ್ಲ.

ಹಾಗೆಂದು ನ್ಯೂಯಾರ್ಕ್‌ನಲ್ಲಿ ದಾರಿಯೇ ಇರಲಿಲ್ಲ ಎಂದಲ್ಲ. ಅದೇ ಊರಿನಲ್ಲಿ 1970ರ ಕೊನೆಯ ಹೊತ್ತಿಗೆ ಯುದ್ಧವಿರೋಧಿ ಮಾಜಿ ಸೈನಿಕರು ವಾರಕ್ಕೊಮ್ಮೆ ಸೇರಿ ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುವ ಕೂಟಗಳನ್ನು ಆರಂಭಿಸಿದ್ದರು. ಮನೋವೈದ್ಯರಾದ ರಾಬರ್ಟ್ ಲಿಫ್ಟನ್ ಮತ್ತು ಖೈಮ್ ಶಾಟನ್ ಅಲ್ಲಿ ಅವರೊಡನೆ ಕೂರುತ್ತಿದ್ದರು. ಆ ಕೂಟಗಳಲ್ಲಿ ಕಂಡದ್ದನ್ನು ಶಾಟನ್ 1972ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬರೆದರು. ಸರ್ಕಾರ ಮಾಜಿ ಸೈನಿಕರಿಗಾಗಿ ಸಮಾಲೋಚನಾ ಕೇಂದ್ರಗಳನ್ನು ತೆರೆಯಲು ಕಾಯ್ದೆ ಮಾಡಿದ್ದು 1979ರಲ್ಲಿ. ಅಷ್ಟರೊಳಗೆ ಸಹಾಯ ಸಿಗುವುದಾದರೆ ಪಕ್ಕದಲ್ಲಿ ಕೂತವನಿಂದಲೇ ಸಿಗಬೇಕಿತ್ತು.

ಚಿತ್ರದಲ್ಲಿ ಆ ಪ್ರಯತ್ನವೂ ಇದೆ. ‘ವಿಜರ್ಡ್’ ಎಂಬ ಹಿರಿಯ ಚಾಲಕನನ್ನು ಕ್ಯಾಂಟೀನಿನ ಹೊರಗೆ ಕರೆದು, ತಲೆಯಲ್ಲಿ ಕೆಟ್ಟ ಕೆಟ್ಟ ಯೋಚನೆಗಳು ಬರುತ್ತಿವೆ ಎಂದು ಟ್ರಾವಿಸ್ ತೊದಲುತ್ತಾನೆ. ಆತ, ಮನುಷ್ಯ ತಾನು ಮಾಡುವ ಕೆಲಸವೇ ಆಗಿಬಿಡುತ್ತಾನೆ, ನೀನಿನ್ನೂ ಹುಡುಗ, ಕುಡಿದು ಮಜಾ ಮಾಡು ಎಂಬರ್ಥದಲ್ಲಿ ಏನೇನೋ ಹೇಳಿ ಕಳಿಸುತ್ತಾನೆ. ಆತ ಕೆಟ್ಟವನಲ್ಲ, ಅವನಿಗೆ ಗೊತ್ತಿಲ್ಲ ಅಷ್ಟೇ. ನನ್ನ ಕೆಲಸದಲ್ಲಿ ಕುಟುಂಬದವರಿಂದ ನಾನು ಕೇಳುವ ಉತ್ತರಗಳು ಹೆಚ್ಚಾಗಿ ಇದೇ ಧಾಟಿಯವು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಅಗತ್ಯ. ಇಂಥ ಆಘಾತವಿರುವ ಬಹುಪಾಲು ಜನ ಯಾರಿಗೂ ಕೈಯೆತ್ತುವವರಲ್ಲ. ನಿದ್ದೆಗೆಟ್ಟ ಮಾಜಿ ಸೈನಿಕನೆಂದರೆ ನಾಳೆ ಬಂದೂಕು ಹಿಡಿಯುವವನು ಎಂಬ ಕಲ್ಪನೆಯನ್ನು ಆ ದಶಕದ ಅಪರಾಧ ಚಿತ್ರಗಳು ಬೆಳೆಸಿದವು, ಮತ್ತು ಅದರಿಂದ ಕೆಲಸ, ಬಾಡಿಗೆ ಮನೆ ಕಳೆದುಕೊಂಡವರು ನಿಜವಾದ ಮನುಷ್ಯರು.

ಪರದೆಪ್ರಿಯ:
ಮೇಡಂ, ನಿಮ್ಮ ಕೊನೆಯ ಮಾತೇ ನನ್ನ ವಾದ. ಆಘಾತ ನಿದ್ದೆ ಕೆಡಿಸುತ್ತದೆ, ಸರಿ. ಯಾರನ್ನು ಕೊಲ್ಲಬೇಕೆಂದು ಅದು ಹೇಳಿಕೊಡುತ್ತದೆಯೇ? ಟ್ರಾವಿಸ್ ಮೊದಲು ಗುಂಡು ಹಾರಿಸುವುದು ದಿನಸಿ ಅಂಗಡಿ ದೋಚಲು ಬಂದ ಕಪ್ಪು ಯುವಕನ ಮೇಲೆ. ಪರವಾನಗಿ ಇಲ್ಲದ ಬಂದೂಕು ಎಂದು ಟ್ರಾವಿಸ್ ಗಾಬರಿಯಾದಾಗ, ನೀನು ಹೋಗು, ನಾನು ನೋಡಿಕೊಳ್ಳುತ್ತೇನೆ ಎಂದು ಅಂಗಡಿಯವನು ಸಮಾಧಾನ ಹೇಳಿ, ಬಿದ್ದವನ ಮೈಮೇಲೆ ಸಲಾಕೆಯಿಂದ ಹೊಡೆಯುತ್ತಾನೆ. ಅಂಗಡಿಯವನು ಯಾವ ಯುದ್ಧದಿಂದಲೂ ಬಂದವನೆಂದು ಚಿತ್ರ ಹೇಳುವುದಿಲ್ಲ. ಶ್ರೇಡರ್ ಮೊದಲು ಬರೆದಾಗ ವೇಶ್ಯಾವಾಟಿಕೆಯ ದಲ್ಲಾಳಿ ಸ್ಪೋರ್ಟ್ ಕೂಡ ಕಪ್ಪು ಮನುಷ್ಯನೇ ಆಗಿದ್ದ, ಚಿತ್ರವಾಗುವಾಗ ಅದನ್ನು ಬದಲಿಸಿ ಹಾರ್ವಿ ಕೈಟೆಲ್ ಅವರಿಗೆ ಆ ಪಾತ್ರ ಕೊಟ್ಟರು. ಚಿತ್ರಮಂದಿರಗಳಲ್ಲಿ ಗಲಭೆಯಾದೀತೆಂಬ ಭಯ ಅದಕ್ಕೆ ಕಾರಣವಾಗಿತ್ತು. ಅಂದರೆ ಆ ದ್ವೇಷ ಕಥೆಯ ಬುಡದಲ್ಲೇ ಇತ್ತು, ಅದು ಊರಿನ ಗಾಳಿಯಲ್ಲೂ ಇತ್ತು. ಅದನ್ನು ಯುದ್ಧದ ಖಾತೆಗೆ ಬರೆದು ಕೈತೊಳೆದುಕೊಳ್ಳಬಾರದು.

ಹಿಂದಿನ ಸಾಲಿನ ಪ್ರೇಕ್ಷಕಿ:
ಇಷ್ಟು ದೀರ್ಘ ಚರ್ಚೆಯಲ್ಲಿ ಐರಿಸ್‌ಳ ಹೆಸರನ್ನು ಇನ್ನೂ ಯಾರೂ ಎತ್ತಿಲ್ಲ. ಸ್ಪೋರ್ಟ್‌ನ ಕೈಕೆಳಗೆ ವೇಶ್ಯಾವಾಟಿಕೆಯಲ್ಲಿ ಸಿಲುಕಿದ ಆ ಹುಡುಗಿಗೆ ಹನ್ನೆರಡು ವರ್ಷ. ಆ ಪಾತ್ರ ಮಾಡಿದ ಜೋಡಿ ಫಾಸ್ಟರ್ ಅವರಿಗೂ ಚಿತ್ರೀಕರಣದ ವೇಳೆ ಹನ್ನೆರಡೇ ವರ್ಷವಾಗಿದ್ದರಿಂದ ಅವರಿಗೆ ಮನೋಪರೀಕ್ಷೆ ನಡೆಸಿ ಅನುಮತಿ ಪಡೆಯಬೇಕಾಯಿತು, ಕೆಲವು ದೃಶ್ಯಗಳಲ್ಲಿ ಅವರ ಅಕ್ಕ ಬದಲಿಯಾಗಿ ನಿಂತರು. ಐರಿಸ್ ಮೊದಲ ಸಲ ಟ್ಯಾಕ್ಸಿ ಹತ್ತಿ ಬೇಗ ಹೋಗೋಣ ಎಂದಾಗ ಟ್ರಾವಿಸ್ ಗಾಡಿ ಹೊರಡಿಸುವುದಿಲ್ಲ. ಸ್ಪೋರ್ಟ್ ಅವಳನ್ನು ಎಳೆದೊಯ್ದು, ಮುದುರಿದ ಇಪ್ಪತ್ತು ಡಾಲರಿನ ನೋಟೊಂದನ್ನು ಮುಂದಿನ ಸೀಟಿಗೆ ಎಸೆದು ಹೋಗುತ್ತಾನೆ. ಕೊನೆಯಲ್ಲಿ ಅವಳು ಬೇಡವೆಂದು ಅಳುತ್ತಿರುವಾಗಲೇ ಇವನು ಅವಳ ಕಣ್ಣೆದುರು ಕೊಲ್ಲುತ್ತಾನೆ. ಆಮೇಲೆ ಬರುವ ಕೃತಜ್ಞತೆಯ ಪತ್ರ ಅವಳ ತಂದೆಯದು, ಅವಳ ದನಿ ನಮಗೆ ಮತ್ತೆ ಕೇಳಿಸುವುದೇ ಇಲ್ಲ. ಚಿತ್ರದಲ್ಲಿ ಆಘಾತಕ್ಕೊಳಗಾದವರು ಯಾರು ಎಂದು ಕೇಳಿದರೆ ನಾನು ಮೊದಲು ಈ ಹುಡುಗಿಯ ಹೆಸರು ಹೇಳುತ್ತೇನೆ.

ಇತಿಹಾಸದ ಮೇಷ್ಟ್ರು:
ವಿಯೆಟ್ನಾಂ ಚಿತ್ರದಲ್ಲಿ ಎಲ್ಲಿದೆ ಎಂಬ ಮೂಲ ಪ್ರಶ್ನೆಗೆ ನನ್ನದೊಂದು ಉತ್ತರ. ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಲು ಹೊರಟ ಸೆನೆಟರ್ ಪ್ಯಾಲಂಟೈನ್, ಕೊಲಂಬಸ್ ಸರ್ಕಲ್‌ನ ಸಭೆಯಲ್ಲಿ ಕವಿ ವಾಲ್ಟ್ ವಿಟ್ಮನ್ ಅವರ ಮಾತನ್ನು ಎತ್ತಿಕೊಂಡು, ವಿಯೆಟ್ನಾಂನಲ್ಲಿ ನೊಂದವರು ಜನರಾದ ನಾವು ಎಂದು ಭಾಷಣ ಮಾಡುತ್ತಾನೆ. ಆ ಜನರ ನಡುವೆ, ತಲೆಯ ಎರಡೂ ಬದಿ ಬೋಳಿಸಿಕೊಂಡು, ಜಾಕೆಟ್ಟಿನೊಳಗೆ ಬಂದೂಕು ಅಡಗಿಸಿಕೊಂಡ ಟ್ರಾವಿಸ್ ಚಪ್ಪಾಳೆ ತಟ್ಟುತ್ತ ನಿಂತಿದ್ದಾನೆ. ಯುದ್ಧದ ಸಂಕಟವನ್ನು ಮಾತಾಗಿಸುವ ಹಕ್ಕು ವೇದಿಕೆಯ ಮೇಲಿದ್ದವನಿಗೆ ಹೋಗಿದೆ, ಅದನ್ನು ಹೊತ್ತುಕೊಂಡು ಬಂದವನಿಗೆ ಗಂಟಲು ಕಟ್ಟಿದೆ. ಚಿತ್ರಕಥೆಗಾರರು ಇದನ್ನು ಅರಿಯದೆ ಬರೆದಿರಲಾರರು.

ಆ ಕೇಶವಿನ್ಯಾಸದ ಹಿಂದೆಯೂ ಯುದ್ಧವಿದೆ. ವಿಯೆಟ್ನಾಂನಲ್ಲಿ ಕೆಲವು ಸೈನಿಕರು ಅಪಾಯದ ಕಾರ್ಯಾಚರಣೆಗೆ ಹೊರಡುವ ಮುನ್ನ ಹೀಗೆ ತಲೆ ಬೋಳಿಸಿಕೊಳ್ಳುತ್ತಿದ್ದರೆಂದು ಅಲ್ಲಿ ಇದ್ದು ಬಂದ ಗೆಳೆಯರೊಬ್ಬರು ಸ್ಕಾರ್ಸೆಸಿ ಅವರಿಗೆ ಹೇಳಿದ್ದರು. ಅದು ತಿಳಿಯದ ಪ್ರೇಕ್ಷಕನಿಗೆ ಹುಚ್ಚನ ವೇಷದಂತೆ ಕಾಣುವುದು, ತಿಳಿದವನಿಗೆ ಮರಳಿ ಬರುವ ಆಸೆ ಬಿಟ್ಟು ಹೊರಟವನ ಸಿದ್ಧತೆಯಾಗಿ ಕಾಣುತ್ತದೆ.

ಮಾಜಿ ಸೈನಿಕ, ಸೋಮವಾರಪೇಟೆ:
ಮೇಷ್ಟ್ರೇ, ಚಪ್ಪಾಳೆಯ ದೃಶ್ಯ ನೆನಪಿಸಿದ್ದಕ್ಕೆ ವಂದನೆಗಳು. ಐರಿಸ್ ಬಗ್ಗೆ ಬರೆದ ತಂಗಿಯ ಮಾತನ್ನೂ ತಳ್ಳಿಹಾಕಲಾಗದು.

ಪರದೆಪ್ರಿಯರಿಗೆ ಒಂದು ಮಾತು. ಕಾರಣ ಹೇಳುವುದೇ ಮಾಫಿ ಕೊಡುವುದು ಎಂದು ನೀವು ತಿಳಿದಂತಿದೆ. ಸೇನೆಯಲ್ಲಿ ಅವೆರಡೂ ಒಂದೇ ಅಲ್ಲ. ತಪ್ಪು ಮಾಡಿದವನಿಗೆ ಚಿಕಿತ್ಸೆಯೂ ಇದೆ, ವಿಚಾರಣೆಯೂ ಇದೆ, ಒಂದಿದ್ದ ಮಾತ್ರಕ್ಕೆ ಇನ್ನೊಂದು ತಪ್ಪುವುದಿಲ್ಲ. ಎಲ್ಲಿ, ಯಾರ ಮೇಲೆ, ಯಾರ ಆಜ್ಞೆಯಂತೆ ಎಂಬುದನ್ನು ಕಲಿಸದೆ ನಮ್ಮ ಕೈಗೆ ಯಾರೂ ಬಂದೂಕು ಕೊಡುವುದಿಲ್ಲ. ಮೇಜಿನ ಖಾನೆಯ ಜಾರುಪಟ್ಟಿ ಕಿತ್ತು ತೋಳಿನೊಳಗೆ ಪಿಸ್ತೂಲು ಜಾರಿಸಿಕೊಳ್ಳುವ ಉಪಾಯ ಹೂಡುವ ಟ್ರಾವಿಸ್, ಆ ಮೂರನ್ನೂ ಬಿಟ್ಟು ಕೈಚಳಕ ಮಾತ್ರ ಉಳಿಸಿಕೊಂಡಿದ್ದಾನೆ. ಅವನ ದ್ವೇಷವನ್ನು ನಾನು ಯುದ್ಧದ ಖಾತೆಗೆ ಬರೆಯುತ್ತಿಲ್ಲ. ಆದರೆ ಆ ದ್ವೇಷಕ್ಕೆ ಕೈಕಾಲು ಕೊಟ್ಟದ್ದು ಯಾವುದು ಎಂಬ ಪ್ರಶ್ನೆಗೆ ಒಂಟಿತನ ಎಂಬ ಉತ್ತರ ಸಾಲದು.

ಪರದೆಪ್ರಿಯ:
ಚಿಕಿತ್ಸೆಯೂ ವಿಚಾರಣೆಯೂ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ, ಸರ್. ಚಿತ್ರದಲ್ಲಿ ಟ್ರಾವಿಸ್‌ಗೆ ಅವೆರಡೂ ಸಿಗದಿರುವುದೇ ನನ್ನನ್ನು ಕಾಡುವ ಸಂಗತಿ. ಸೆನೆಟರ್‌ನನ್ನು ಕೊಲ್ಲಲು ಬಂದು, ಅಂಗರಕ್ಷಕ ನೋಡಿದ್ದರಿಂದ ಓಡಿಹೋದವನು ಅದೇ ರಾತ್ರಿ ಸ್ಪೋರ್ಟ್‌ನ ಬಾಗಿಲಿಗೆ ಹೋಗುತ್ತಾನೆ, ಗುರಿ ಬದಲಾದದ್ದರಿಂದ ಪತ್ರಿಕೆಗಳು ಅವನನ್ನು ವೀರನನ್ನಾಗಿಸುತ್ತವೆ. ಮತ್ತೆ ಟ್ಯಾಕ್ಸಿ ಓಡಿಸುತ್ತಿರುವ ಅವನು ಕೊನೆಯಲ್ಲಿ ಕನ್ನಡಿಯಲ್ಲಿ ಏನನ್ನೋ ಕಂಡು ಬೆಚ್ಚುವುದನ್ನು ಅನೇಕರು ಸುಖಾಂತ್ಯದ ಮೇಲಿನ ಸಣ್ಣ ಕಲೆ ಎಂದಷ್ಟೇ ಓದುತ್ತಾರೆ. ಶ್ರೇಡರ್ ಅವರ ಪ್ರಕಾರ ಅವನು ಗುಣವಾಗಿಲ್ಲ, ಮುಂದಿನ ಸಲ ಅವನು ವೀರನಾಗುವುದೂ ಇಲ್ಲ. ಹಾಗಾದರೆ ಅವನಿಗೆ ಟ್ಯಾಕ್ಸಿಯ ಕೀಲಿಯನ್ನು ಮತ್ತೆ ಕೊಟ್ಟವರು ಯಾರು, ಆಗಲಾದರೂ ಅವನ ನಿದ್ದೆಯ ಬಗ್ಗೆ ಕೇಳಿದರೇ ಎಂಬುದನ್ನು ಆಪ್ತಸಮಾಲೋಚಕಿಯವರು ಬಿಡುವಾದಾಗ ವಿವರಿಸಿದರೆ ಈ ಚರ್ಚೆಯನ್ನು ಅಲ್ಲಿಂದಲೇ ಮುಂದುವರಿಸಬಹುದು.