ನಾಜಿಯಾ ಹಸನ್: ಡಿಸ್ಕೊ ಗಾಯಕಿಯೋ, ಸಿಂಥ್ ಪಾಪ್ ಗಾಯಕಿಯೋ?

ಪ್ರಶ್ನೆ (ಕುಂಬಳೆಯಿಂದ):
ದುಬಾಯಿಯಲ್ಲಿದ್ದ ಮಾವ ಎಂಬತ್ತರ ದಶಕದಲ್ಲಿ ಊರಿಗೆ ತಂದಿದ್ದ ಕ್ಯಾಸೆಟ್ಟುಗಳನ್ನು ಅಟ್ಟದಿಂದ ಇಳಿಸಿ ಬೂಷ್ಟು ಒರೆಸುತ್ತಿದ್ದಾಗ ಪಾಕಿಸ್ತಾನಿ ಪಾಪ್ ಗಾಯಕಿ ನಾಜಿಯಾ ಹಸನ್ ಅವರ ‘ಬೂಮ್ ಬೂಮ್’ ಸಿಕ್ಕಿತು. ಒಂದು ಬದಿ ಸರಿಯಾಗಿದೆ. ಇನ್ನೊಂದು ಬದಿಯಲ್ಲಿ, ಹಾಡು ಅಳಿಸದಂತೆ ಕಾಯುವ ಮೇಲಂಚಿನ ತೂತಿಗೆ ಕಾಗದ ತುರುಕಿ ಯಾರೋ ತಾಳಮದ್ದಳೆ ತುಂಬಿಸಿದ್ದಾರೆ. ನಾಜಿಯಾ ಅವರನ್ನು ಎಲ್ಲರೂ ಡಿಸ್ಕೊ ಗಾಯಕಿ ಎನ್ನುತ್ತಾರೆ. ನನ್ನ ಕಿವಿಗೆ ಮಾತ್ರ ಇಲ್ಲಿ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ್ದೇ ಕಾರುಬಾರು. ಇಷ್ಟು ಜನಪ್ರಿಯರಾದವರು ಹಾಡುವುದನ್ನು ಬಿಟ್ಟದ್ದೇಕೆ?

ಉತ್ತರ (ಬದಿಯಡ್ಕದಿಂದ):
ಡಿಸ್ಕೊದಿಂದ ಹೊರಟು, ಸಿಂಥಸೈಜರೇ ಮುಂದಾಗುವ ಸಿಂಥ್ ಪಾಪ್‌ಗೆ ಬಂದವರು ಎಂದರೆ ಸರಿಯಾದೀತು. 1980ರ ‘ಕುರ್ಬಾನಿ’ ಚಿತ್ರಕ್ಕೆ ನಾಜಿಯಾ ಹಾಡಿದ ‘ಆಪ್ ಜೈಸಾ ಕೋಯಿ’ಗೆ ರಾಗ ಹಾಕಿದ ಬಿದ್ದು ಎಂಬವರು ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. 1974ರ ‘ಕುಂಗ್ ಫೂ ಫೈಟಿಂಗ್’ ಹಾಡಿನ ನಿರ್ಮಾಪಕರಾಗಿ ಲಂಡನ್ನಿನಲ್ಲಿ ಆಗಲೇ ಹೆಸರು ಮಾಡಿದ್ದರು. ‘ಆಪ್ ಜೈಸಾ ಕೋಯಿ’ ಒಂದೇ ಹಾಡಿಗೆ ನಾಜಿಯಾ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು, ಅದೂ 15ರ ಹರೆಯದಲ್ಲಿ. 1981ರ ‘ಡಿಸ್ಕೊ ದೀವಾನೆ’ ಆಲ್ಬಮ್‌ನಲ್ಲಿ ಹೆಸರಿಗೆ ತಕ್ಕಂತೆ ಡಿಸ್ಕೊದ ಜಾಡು ಸ್ಪಷ್ಟವಾಗಿದ್ದರೆ, ಮರುವರ್ಷದ ‘ಬೂಮ್ ಬೂಮ್’ ವೇಳೆಗೆ ಯಂತ್ರದ ಸ್ವರವೇ ಮುಂದೆ ಬಂದು ನಿಂತಿತು. ಅವರ ಕಂಠಕ್ಕೆ ಅದೇ ಹೊಂದುತ್ತಿತ್ತು ಎಂಬುದು ನನ್ನ ಅಭಿಪ್ರಾಯ: ಗಮಕವಿಲ್ಲದ, ತುಸು ಮೂಗಿನಲ್ಲಿ ಇಳಿಯುವ ನೇರವಾದ ದನಿ. ನಮ್ಮ ಸಂಗೀತದ ಟೀಚರು ಕೇಳಿದ್ದರೆ, “ಶ್ರುತಿ ಉಂಟು, ಸಂಗತಿ ಎಲ್ಲಿ?” ಎನ್ನುತ್ತಿದ್ದರೇನೋ (ಸಂಗತಿ ಎಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವುದು).

ಉತ್ತರ (ನೀರ್ಚಾಲಿನಿಂದ):
ಅಣ್ಣಾ, ಎಲ್ಲ ಶ್ರೇಯಸ್ಸನ್ನೂ ಬಿದ್ದು ಅವರಿಗೆ ಕೊಟ್ಟುಬಿಟ್ಟರೆ ನಾಜಿಯಾರ ತಮ್ಮ ಜೊಹೇಬ್‌ಗೆ ಅನ್ಯಾಯವಾಗುತ್ತದೆ. ಆತ ಜೊತೆಗೆ ಹಾಡಿದ್ದಷ್ಟೇ ಅಲ್ಲ, ರಾಗ ಹಾಕಿದ್ದೂ ಉಂಟು. ಇನ್ನು ಬಿಟ್ಟ ವಿಚಾರ: ಆಲ್ಬಮ್‌ಗಳ ಇಸವಿಗಳನ್ನು ಸಾಲಾಗಿ ಬರೆದು ನೋಡಿ. 1981, 1982, ‘ಯಂಗ್ ತರಂಗ್’ 1984, ‘ಹಾಟ್‌ಲೈನ್’ 1987, ‘ಕ್ಯಾಮೆರಾ ಕ್ಯಾಮೆರಾ’ 1992. ನಡುವಿನ ಅಂತರ ಒಂದು, ಎರಡು, ಮೂರು, ಐದು ವರ್ಷ ಎಂದು ಬೆಳೆಯುತ್ತಲೇ ಹೋಗಿದೆ. ಸೋತು ಬಿಟ್ಟವರಲ್ಲ, ಹಾಡನ್ನೇ ಕಸುಬು ಮಾಡಿಕೊಳ್ಳದವರು. ಲಂಡನ್ನಿನಲ್ಲಿ ಓದಿ, ಕಾನೂನು ಪದವಿ ಪಡೆದು, ವಿಶ್ವಸಂಸ್ಥೆಯಲ್ಲಿಯೂ ಕೆಲಸ ಮಾಡಿದರು. 2000ದ ಆಗಸ್ಟ್ 13ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ ಬರೇ 35 ವರ್ಷ.

ಪ್ರಶ್ನೆ ಕೇಳಿದವರು:
ಇಸವಿಗಳನ್ನು ಹೀಗೆ ಜೋಡಿಸಿ ನೋಡಿರಲಿಲ್ಲ, ಉಪಕಾರವಾಯಿತು. ನಿನ್ನೆ ರಾತ್ರಿ ಇನ್ನೊಂದು ಬದಿಯನ್ನೂ ಕೊನೆಯ ತನಕ ಕೇಳಿದೆ. ಭಾಗವತರ ಪದ್ಯ ನಡುವಿನಲ್ಲೇ ಕಡಿದುಹೋದ ಮೇಲೆ, ಅಳಿಸದೆ ಉಳಿದ ಅರ್ಧ ನಿಮಿಷ ನಾಜಿಯಾ ಹಾಡುತ್ತಾರೆ. ಸಂಗತಿ ಇಲ್ಲ, ನಿಜ.